ಆರು ಅಡಿ ದೂರದ ಕುಸ್ತಿ

ಕೊರೊನಾ ಬಂದ ವರ್ಷ ನಾನು ನಗರಸಭೆಯಲ್ಲಿ ಹಿರಿಯ ಆರೋಗ್ಯ ನಿರೀಕ್ಷಕನಾಗಿದ್ದೆ. ಯಾವ ನಗರಸಭೆ ಎಂದು ಕೇಳಬೇಡಿ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಇವುಗಳಲ್ಲಿ ಯಾವುದೋ ಒಂದು ಎಂದುಕೊಳ್ಳಿ. ನಾನು ಮಾಡಿಕೊಂಡ ಫಜೀತಿಗೆ ಒಂದೂರಿನ ಹೆಸರು ಯಾಕೆ ಕೆಡಬೇಕು. ನನ್ನ ಹೆಸರು ಮಾತ್ರ ಹೇಳಿಬಿಡುತ್ತೇನೆ: ಜ್ಞಾನೇಶ್ವರ. ಇಟ್ಟ ಅಜ್ಜ ಬಹಳ ಆಸೆಯ ಮನುಷ್ಯ.

ಲಾಕ್‌ಡೌನ್ ಸಡಿಲವಾಗುತ್ತ ಬಂದ ಹಾಗೆ, ಮುಚ್ಚಿದ್ದ ಊರನ್ನು ಒಂದೊಂದಾಗಿ ತೆರೆಯುವ ಕೆಲಸ ನನ್ನ ತಲೆಗೆ ಬಿತ್ತು. ಸುತ್ತೋಲೆಗಳು ಬೆಂಗಳೂರಿನಿಂದ ಬರುತ್ತಿದ್ದವು. ಅವನ್ನು ನಮ್ಮ ಸಂತೆಗೆ, ಕಟಿಂಗ್ ಅಂಗಡಿಗೆ, ಖಾನಾವಳಿಗೆ, ಮಗ್ಗದ ಶೆಡ್ಡಿಗೆ ಹೊಂದುವ ಹಾಗೆ ಮಾಡಿ, ಬೋರ್ಡು ಬರೆಸಿ, ಆಟೋಕ್ಕೆ ಮೈಕು ಕಟ್ಟಿಸಿ ಊರೆಲ್ಲ ಸಾರಿಸಬೇಕು. ಮೈಕಿನಲ್ಲಿ ಕೇಳುತ್ತಿದ್ದುದು ನನ್ನದೇ ದನಿ. ನನಗೆ ಅದರ ಮೇಲೆ ಒಂದಿಷ್ಟು ಮೋಹವೂ ಇತ್ತು. ಆಟೋ ನಮ್ಮ ಓಣಿಗೆ ಬಂದರೆ ಮನೆಯಲ್ಲಿ ಟಿವಿಯ ಸದ್ದು ತಗ್ಗಿಸುತ್ತಿದ್ದೆ.

ಸಂತೆ ತೆರೆದ ದಿನ ನನ್ನ ಬುದ್ಧಿಯ ಮೊದಲ ಪರೀಕ್ಷೆ ನಡೆಯಿತು. ಜನ ಎದುರುಬದುರು ಬರಬಾರದೆಂದು ಸುತ್ತಲೂ ಬಿದಿರು ಕಟ್ಟಿಸಿ, ಒಂದು ಕಡೆಯಿಂದ ಒಳಗೆ ಬಿಡುವುದು, ಇನ್ನೊಂದು ಕಡೆಯಿಂದ ಹೊರಗೆ ಕಳಿಸುವುದು ಎಂದು ಗೊತ್ತುಮಾಡಿದ್ದೆ. ಬದನೆಕಾಯಿ ಕೊಂಡು ಮುಂದೆ ಹೋದವನಿಗೆ ಕೊತ್ತಂಬರಿ ನೆನಪಾದರೆ ಹಿಂದೆ ತಿರುಗುವ ಹಾಗಿಲ್ಲ. ಅರ್ಧ ಊರು ಸುತ್ತಿ ಮತ್ತೆ ಮೊದಲ ಬಾಗಿಲಿಗೆ ಬರಬೇಕು. ನನ್ನ ಹೆಂಡತಿ ಯಶೋಧರಾ ಫೋನು ಮಾಡಿ ಹಸಿಮೆಣಸಿನಕಾಯಿ ತಂದೀರಾ ಎಂದು ಕೇಳಿದಾಗ ನಾನು ಹೊರಬಾಗಿಲು ದಾಟಿಯಾಗಿತ್ತು. ಸುತ್ತಿ ಬರಲು ಬೇಸರವಾಗಿ ನಾನೇ ಕಟ್ಟಿಸಿದ ಬಿದಿರನ್ನು ಹತ್ತಿ ಇಳಿಯಲು ಹೋದೆ, ಪ್ಯಾಂಟು ಹರಿಯಿತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಹಿಂದಿನಿಂದ ಮೈಕಿನಲ್ಲಿ ನನ್ನ ದನಿ ನಾಗರಿಕರಿಗೆ ಶಿಸ್ತು ಬೋಧಿಸುತ್ತಿದ್ದುದೂ ಆ ವಿಡಿಯೋದಲ್ಲಿ ಸ್ವಚ್ಛವಾಗಿ ಕೇಳುತ್ತಿತ್ತು.

ಶ್ರಾವಣದಲ್ಲಿ ಜಿಮ್‌ಗಳನ್ನು ತೆರೆಯಬಹುದೆಂದು ಆದೇಶವಾಯಿತು. ಅದು ಪೇಪರಿನಲ್ಲಿ ಬಂದ ದಿನವೇ ಹಾಲಸಿದ್ದಪ್ಪ ವಸ್ತಾದರು ಕಚೇರಿಗೆ ಬಂದರು. ನಮ್ಮೂರಿನ ಗರಡಿ ಮನೆಯ ಗುರು ಅವರು. ಎಪ್ಪತ್ತು ದಾಟಿದ್ದರೂ ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಕಿವಿಗಳು ಕುಸ್ತಿಯಲ್ಲಿ ಜಜ್ಜಿ ಗಂಟುಗಟ್ಟಿದ್ದವು. ಯಂತ್ರದ ಜಿಮ್ಮು ತೆರೆಯುವುದಾದರೆ ಮಣ್ಣಿನ ಗರಡಿ ಯಾಕೆ ತೆರೆಯಬಾರದು ಎಂಬುದು ಅವರ ಪ್ರಶ್ನೆ. ಗರಡಿಯ ಕೆಂಪು ಮಣ್ಣಿಗೆ ಅರಿಸಿನ, ಮಜ್ಜಿಗೆ, ಎಣ್ಣೆ, ನಿಂಬೆರಸ ಎಲ್ಲ ಕಲಸಿರುತ್ತದೆ, ಅದರಲ್ಲಿ ಯಾವ ರೋಗವೂ ಬದುಕುವುದಿಲ್ಲ ಎಂದು ಅವರು ನಂಬಿದ್ದರು. ರೋಗ ಮಣ್ಣಿನಿಂದ ಬರುವುದಿಲ್ಲ, ಉಸಿರಿನಿಂದ ಬರುತ್ತದೆ ಎಂದು ನಾನು ತಿಳಿಸಿ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು, ನಂಬಲಿಲ್ಲ.

ಪೌರಾಯುಕ್ತರು ಕಡತದ ಮೇಲೆ 'ಆ.ನಿ. ಪರಿಶೀಲಿಸಿ ಮಾರ್ಗಸೂಚಿ ಸಿದ್ಧಪಡಿಸುವುದು' ಎಂದು ಬರೆದು ನನ್ನ ಕಡೆ ತಳ್ಳಿದರು. ನಾನು ಹುಟ್ಟಿದಾರಭ್ಯ ಗರಡಿಯ ಹೊಸ್ತಿಲು ತುಳಿದವನಲ್ಲ. ಕಟಿಂಗ್ ಅಂಗಡಿಯ ಮಾರ್ಗಸೂಚಿಯನ್ನೇ ಮುಂದಿಟ್ಟುಕೊಂಡು, ಗಿರಾಕಿ ಎಂದಿದ್ದಲ್ಲಿ ಕುಸ್ತಿಪಟು ಎಂದು ತಿದ್ದಿ, ಮಧ್ಯಾಹ್ನದ ಚಹಾದೊಳಗೆ ಮುಗಿಸಿದೆ. ಅದರ ನಾಲ್ಕನೆಯ ಸಾಲು ಹೀಗಿತ್ತು: 'ಕುಸ್ತಿಪಟುಗಳು ಪರಸ್ಪರ ಆರು ಅಡಿ ಅಂತರ ಕಾಯ್ದುಕೊಂಡು ಕುಸ್ತಿ ಆಡತಕ್ಕದ್ದು.'

ಪೌರಾಯುಕ್ತರು ಓದದೆ ಸಹಿ ಮಾಡಿದರು. ನಾನೂ ಬರೆದ ಮೇಲೆ ಓದಿರಲಿಲ್ಲ. ಮರುದಿನ ವಸ್ತಾದರು ಅದನ್ನು ಹಿಡಿದುಕೊಂಡು ಬಂದರು. ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಹೊಸ ವಿದ್ಯೆ ಕೇಳಲು ಬಂದವರ ಹಾಗೆ ನನ್ನ ಮೇಜಿನ ಮುಂದೆ ನಿಂತರು.

“ಸಾಹೇಬ್ರ, ಆರು ಫೂಟ್ ದೂರ ನಿಂತು ಹಿಡಿಯೋ ಪಟ್ಟು ಯಾವುದೈತ್ರಿ? ನೀವು ತೋರಿಸಿಕೊಟ್ರ ನಮ್ಮ ಹುಡುಗರೂ ಕಲೀತಾರ.”

ಕಚೇರಿ ಅಂದು ಮಧ್ಯಾಹ್ನದವರೆಗೆ ಕೆಲಸ ಮಾಡಲಿಲ್ಲ. ಆ ನಾಲ್ಕನೆಯ ಸಾಲು ವಾಟ್ಸ್‌ಆ್ಯಪ್ ಹತ್ತಿ ಬಿಳಗಿ, ಸಾವಳಗಿವರೆಗೂ ಹೋಯಿತು. ದಾರಿಯಲ್ಲಿ ಸಿಕ್ಕವರು ಆರು ಅಡಿ ದೂರ ನಿಂತು, ಗಾಳಿಯಲ್ಲಿ ತೊಡೆ ತಟ್ಟಿ, ನಮಸ್ಕಾರ ಹೇಳುತ್ತಿದ್ದರು.

ಮನೆಯಲ್ಲಿ ಯಶೋಧರಾ ಕೂಡ ನಕ್ಕಳು. ನಿರ್ಬಂಧದ ಓಣಿಗಳಲ್ಲಿ ತಿರುಗುವವನೆಂದು ಆಗ ನನ್ನ ಹಾಸಿಗೆ ಪಡಸಾಲೆಯಲ್ಲಿತ್ತು, ತಾಟು ಬೇರೆ ಇತ್ತು. ಆಕೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿ ಹೇಳಿದಳು: “ಒಂದ ಮನ್ಯಾಗ ಇರೋ ಮಂದಿ ಒಬ್ಬರಿಗೊಬ್ಬರು ದೂರ ಇರಬೇಕು ಅಂತ ಸರಕಾರದಾಗೂ ಇಲ್ಲಲ್ರಿ. ಇಬ್ಬಿಬ್ಬರನ್ನ ಒಂದ ಮನಿ ಮಂದಿ ಅಂತ ಮಾಡ್ರಿ. ಅವ ಅವನ ಜೋಡಿನ ಆಡ್ಲಿ, ಮತ್ತೊಬ್ಬನ್ನ ಮುಟ್ಟೂದು ಬ್ಯಾಡ.”

ಮರುದಿನ ಇದನ್ನು ಪೌರಾಯುಕ್ತರ ಮುಂದೆ ಇಟ್ಟೆ, ಸ್ವಂತ ವಿಚಾರವೆಂದೇ ಇಟ್ಟೆ. ಅವರು ಮೊದಲ ಬಾರಿಗೆ ನನ್ನನ್ನು ಕುಳಿತುಕೊಳ್ಳಲು ಹೇಳಿದರು. ಹೊಸ ನಿಯಮ ಹೀಗಾಯಿತು. ಪ್ರತಿ ಪೈಲ್ವಾನನಿಗೂ ಒಬ್ಬನೇ ಜೋಡಿ, ಬದಲಾಯಿಸುವ ಹಾಗಿಲ್ಲ. ಜೋಡಿಗಳು ಸರದಿಯ ಮೇಲೆ ಕಣಕ್ಕೆ ಇಳಿಯಬೇಕು, ಒಂದು ಜೋಡಿ ಹೋದ ಮೇಲೆ ಇನ್ನೊಂದು. ಬಾಗಿಲು ಕಿಟಕಿ ತೆರೆದಿರಬೇಕು. ಜ್ವರ, ಕೆಮ್ಮು, ಮೈಕೈ ನೋವು ಇದ್ದವರು ಗರಡಿಯ ಕಡೆ ತಲೆ ಹಾಕಬಾರದು. ಅರವತ್ತೈದು ದಾಟಿದವರು ಒಳಗೆ ಬರಬಾರದು.

ಕೊನೆಯ ನಿಯಮ ಯಾರಿಗೆ ತಾಗುತ್ತದೆಂದು ಬರೆಯುವಾಗ ನನಗೆ ಹೊಳೆದಿರಲಿಲ್ಲ. ಗರಡಿ ತೆರೆದ ಮುಂಜಾನೆ ವಸ್ತಾದರು ಕೀಲಿ ತೆಗೆದು, ಮಣ್ಣಿಗೆ ಕೈ ಮುಗಿದು, ಹುಡುಗರನ್ನು ಒಳಗೆ ಬಿಟ್ಟು, ತಾವು ಹೊರಗೆ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಕುಳಿತರು. ನಾನು ಏನೋ ಸಮಾಧಾನ ಹೇಳಲು ಹೋದೆ. ಅವರು ಕಾಯ್ದೆ ಕಾಯ್ದೆನೇ ಎಂದು ಹೇಳಿ, ಕಿಟಕಿಯ ಸರಳಿಗೆ ಮುಖ ಒತ್ತಿ ಒಳಗಿನವರಿಗೆ ಒದರತೊಡಗಿದರು.

ಎಲ್ಲರಿಗೂ ಜೋಡಿ ಸಿಕ್ಕಿತು, ಮಾಳಿಂಗರಾಯನಿಗೆ ಮಾತ್ರ ಸಿಗಲಿಲ್ಲ. ಗರಡಿಯಲ್ಲಿ ಎಲ್ಲರಿಗಿಂತ ತೂಕದ ಹುಡುಗ ಅವನು, ಇಪ್ಪತ್ತೊಂದು ವರ್ಷ, ಮಾತು ಕಡಿಮೆ. ಅವನ ಜೋಡಿ ಸಮೀರವಾಡಿ ಕಡೆಯವನು. ಬಸ್ಸು ಸರಿಯಾಗಿ ಇಲ್ಲದ್ದಕ್ಕೆ ಬರುವುದು ಬಿಟ್ಟು, ಅಲ್ಲೇ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ. ಮಾಳಿಂಗರಾಯ ದಿನಾ ಬಂದು ಮೂಲೆಯಲ್ಲಿ ಒಬ್ಬನೇ ಸಾಮು ಮಾಡಿ ಹೋಗುತ್ತಿದ್ದ. ಏನೂ ಕೇಳಲಿಲ್ಲ. ಕೇಳಲು ಬಂದವಳು ಅವನ ತಾಯಿ ಸತ್ಯವ್ವ.

ಅವರದು ಕುರಿ ಸಾಕುವ ಮನೆತನ. ಸತ್ಯವ್ವ ನಮ್ಮ ಮನೆಯ ಗೇಟಿನ ಹೊರಗೆ ನಿಂತು, ಸೆರಗನ್ನೇ ಮಾಸ್ಕ್ ಮಾಡಿಕೊಂಡು, ಮಗ ಸರಿಯಾಗಿ ಉಣ್ಣುತ್ತಿಲ್ಲ, ಹಿತ್ತಲ ಬೇವಿನ ಮರವನ್ನು ದಿನಾ ನೂಕುತ್ತಾನೆ, ಮರ ವಾಲಿದೆ ಎಂದಳು. ನಾನು ಅದಕ್ಕೆ ಅಷ್ಟೇನೂ ಕರಗಲಿಲ್ಲ. ಆಗ ಆಕೆ ಹೇಳಿದಳು: “ಈಗ ಟಗರಿನ ಜೋಡಿ ಕುಸ್ತಿ ಹಿಡದಾನ್ರಿ ಯಪ್ಪಾ. ಟಗರು ಮೇವು ಬಿಟ್ಟೈತಿ. ಮನಶ್ಯಾನ ಜೋಡಿ ಕೊಡ್ರಿ ಅವಂಗ.”

ಒಳಗಿನಿಂದ ಯಶೋಧರಾ ನಗುವುದು ಕೇಳಿಸಿತು. ನಾನು ಸತ್ಯವ್ವನನ್ನು ಕರೆದುಕೊಂಡು ವಸ್ತಾದರ ಕಟ್ಟೆಗೆ ಹೋದೆ. ಸೋಂಕಿಲ್ಲವೆಂದು ಖಾತ್ರಿ ಇರುವ, ತೂಕವೂ ಇರುವ ಗಂಡಸು ಎಲ್ಲಿಂದ ತರುವುದು ಎಂದು ನಾನು ಕೇಳಿದೆ. ಕೇಳಬಾರದಿತ್ತು. ಮುಂಚೂಣಿ ಸಿಬ್ಬಂದಿಗೆಲ್ಲ ವಾರವಾರ ಗಂಟಲು ಪರೀಕ್ಷೆಯಾಗುತ್ತದೆ, ಯಾರೂ ಹೆದರಬೇಡಿ ಎಂದು ನಾನೇ ಮೈಕಿನಲ್ಲಿ ಊರಿಗೆಲ್ಲ ಸಾರಿದ್ದೆ. ವಸ್ತಾದರು ನನ್ನನ್ನು ತಲೆಯಿಂದ ಕಾಲಿನವರೆಗೆ, ಸಂತೆಯಲ್ಲಿ ಹೋರಿಯನ್ನು ನೋಡುವ ಹಾಗೆ ನೋಡಿದರು.

“ನೀವ ಅದೀರಲ್ರಿ ಸಾಹೇಬ್ರ.”

ನನಗೆ ಕುಸ್ತಿ ಬರುವುದಿಲ್ಲ ಎಂದೆ. ಬರಬೇಕಾಗಿಲ್ಲ, ಹುಡುಗನಿಗೆ ಎತ್ತಲು ತೂಕ ಬೇಕು ಎಂದರು. ವಯಸ್ಸು ನಲವತ್ತಾರು ಎಂದೆ. ಅರವತ್ತೈದು ಆಗಿಲ್ಲವಲ್ಲ ಎಂದರು. ಸೊಂಟದ ನೋವಿದೆ ಎಂದೆ. ಸತ್ಯವ್ವ, ಟಗರಿಗೂ ಸೊಂಟ ಹಿಡಿದಿದೆ ಎಂದಳು. ಲಾಕ್‌ಡೌನಿನಲ್ಲಿ ಮೂರು ಹೊತ್ತೂ ಉಂಡು ನಾನು ಗಳಿಸಿದ್ದು ತೂಕವೊಂದೇ. ಜೀವನದಲ್ಲಿ ಅದು ಒಂದು ಅರ್ಹತೆಯಾದದ್ದು ಅಂದೇ.

ಹೀಗೆ ನಾನು ಮುಂಜಾನೆ ಗರಡಿಗೆ ಹೋಗತೊಡಗಿದೆ. ಲಂಗೋಟಿ ಕಟ್ಟಲು ಒಪ್ಪಲಿಲ್ಲ, ಮಗಳ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡೆ. ಮಾಳಿಂಗರಾಯ ಮೊದಲ ದಿನ ನನ್ನ ಪಾದ ಮುಟ್ಟಿ ನಮಸ್ಕರಿಸಿದ, ಎದ್ದವನು ಹಾಗೇ ಕಾಲು ಹಿಡಿದು ಎತ್ತಿ ಮಲಗಿಸಿದ. ಎರಡರ ನಡುವೆ ನನಗೆ ಉಸಿರು ಬಿಡಲು ಹೊತ್ತಿರಲಿಲ್ಲ. ಬೆನ್ನು ನೆಲಕ್ಕೆ ಹತ್ತಿದರೆ ಚಿತ್, ಅಂದರೆ ಸೋಲು. ಬೋರಲು ಬಿದ್ದವನು ಇನ್ನೂ ಸೋತಿಲ್ಲ. ವಸ್ತಾದರು ಕಿಟಕಿಯಿಂದ ಬೋರಲು ಬೀಳಿರಿ ಎಂದು ಒದರುತ್ತಿದ್ದರು, ನಾನು ಬೆನ್ನಿನ ಮೇಲೆ ಬೀಳುತ್ತಿದ್ದೆ. ಕೆಲವು ದಿನಗಳ ನಂತರ ಬೋರಲು ಬೀಳುವುದು ಕಲಿತೆ. ನಾನು ಕಲಿತ ವಿದ್ಯೆ ಅಷ್ಟೇ.

ಕಚೇರಿಯಲ್ಲಿ ಕುತ್ತಿಗೆ ತಿರುಗಿಸಲು ಬರುತ್ತಿರಲಿಲ್ಲ. ಯಾರಾದರೂ ಕರೆದರೆ ಕುರ್ಚಿ ಸಮೇತ ತಿರುಗುತ್ತಿದ್ದೆ. ಆದರೂ ಬೆಳಗಾಗುವುದನ್ನು ಕಾಯತೊಡಗಿದ್ದೆ. ಕಾರಣ ಹೇಳಿಕೊಳ್ಳಲು ಸ್ವಲ್ಪ ಸಂಕೋಚ. ಏಪ್ರಿಲ್‌ನಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಮಗಳು ದೂರದಿಂದಲೇ ಕೈ ಬೀಸುತ್ತಿದ್ದಳು. ಅಂಗಡಿಯವರು ಚಿಲ್ಲರೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ನಾನು ಹೋದಲ್ಲೆಲ್ಲ ಜನ, ಓಣಿ ಬಂದ್ ಮಾಡಿಸಲು ಬಂದ ಎಂದು ಬಾಗಿಲು ಮುಚ್ಚುತ್ತಿದ್ದರು. ಈ ಹುಡುಗನೊಬ್ಬನೇ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿಯುತ್ತಿದ್ದ, ಹೆದರದೆ. ಎತ್ತಿ ಒಗೆಯುತ್ತಿದ್ದ ಎಂಬುದು ಖರೆ. ಹಿಡಿಯುತ್ತಿದ್ದನಲ್ಲ, ಅದೇ ಸಾಕಾಗಿತ್ತು.

ಒಂದು ದಿನ ಮೈಕೈ ಎಂದಿಗಿಂತ ಹೆಚ್ಚು ನೋಯುತ್ತಿತ್ತು. ಹಿಂದಿನ ದಿನ ಮೂರು ಸಲ ಒಗೆಸಿಕೊಂಡದ್ದಕ್ಕೆ ಎಂದುಕೊಂಡೆ. ಮರುದಿನ ಗರಡಿಯಲ್ಲಿ ಮಣ್ಣಿನ ವಾಸನೆ ಬರಲಿಲ್ಲ. ಮೂಗಿನೊಳಗೆ ಮಣ್ಣೇ ಹೊಕ್ಕಿರಬೇಕು ಎಂದುಕೊಂಡೆ. ಮೈಕೈ ನೋವಿದ್ದವರು ಗರಡಿಯ ಕಡೆ ತಲೆ ಹಾಕಬಾರದು ಎಂಬ ಬೋರ್ಡು ಬಾಗಿಲ ಮೇಲೇ ಇತ್ತು, ನಾನೇ ಬರೆಸಿದ್ದು. ಅದರ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮನೆಗೆ ಬಂದಾಗ ಯಶೋಧರಾ ಒಗ್ಗರಣೆ ಸೀದು ಹೋಯಿತೆಂದು ಬೇಸರ ಮಾಡಿಕೊಳ್ಳುತ್ತಿದ್ದಳು. ಮನೆಯೆಲ್ಲ ಹೊಗೆ. ನನಗೆ ಏನೂ ಗೊತ್ತಾಗಲಿಲ್ಲ. ಆಗ ಹೆದರಿಕೆಯಾಯಿತು.

ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಪಡಸಾಲೆಯ ಪುಣ್ಯದಿಂದ ಮನೆಯವರಿಗೆ ಏನೂ ಆಗಿರಲಿಲ್ಲ. ಗರಡಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದರು. ಎಲ್ಲರದೂ ನೆಗೆಟಿವ್, ಮಾಳಿಂಗರಾಯನದು ಮಾತ್ರ ಪಾಸಿಟಿವ್. ಊರಲ್ಲಿ ಅಷ್ಟು ಗಟ್ಟಿಮುಟ್ಟಾದ ಗರಡಿಗೆ ರೋಗ ಹೊತ್ತು ತಂದವನು ಒಬ್ಬನೇ, ಆರೋಗ್ಯ ನಿರೀಕ್ಷಕ.

ಕೊರೊನಾ ಆರೈಕೆ ಕೇಂದ್ರ ಎಂದು ಮಾಡಿದ್ದ ವಿದ್ಯಾರ್ಥಿ ನಿಲಯಕ್ಕೆ ನಮ್ಮಿಬ್ಬರನ್ನೂ ಕಳಿಸಿದರು. ಆ ಕೇಂದ್ರದ ವ್ಯವಸ್ಥೆ ತೃಪ್ತಿಕರವಾಗಿದೆ ಎಂದು ವರದಿ ಕೊಟ್ಟವನು ನಾನು. ಗೇಟಿನಿಂದಲೇ ನೋಡಿ ಕೊಟ್ಟಿದ್ದೆ. ಈಗ ಒಳಗೆ ಹೋಗಿ ನೋಡಿದರೆ ಪಾಯಖಾನೆಯ ಬಾಗಿಲಿಗೆ ಚಿಲಕವಿರಲಿಲ್ಲ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ನಿಂತು ಬಾಗಿಲು ಹಿಡಿಯಬೇಕು. ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದುದರಿಂದ ಮಾಳಿಂಗರಾಯ ನನಗೆ ಹಿಡಿಯುತ್ತಿದ್ದ, ನಾನು ಅವನಿಗೆ. ಆದರೆ ಮಾತಿಲ್ಲ. ಬಂದ ದಿನದಿಂದ ಅವನು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಸತ್ಯವ್ವ ಗೇಟಿಗೆ ರೊಟ್ಟಿ ತಂದಿಟ್ಟು ಮಗನನ್ನು ನೋಡಿ ಹೋಗುತ್ತಿದ್ದಳು. ರೊಟ್ಟಿ ಇಬ್ಬರಿಗಾಗುವಷ್ಟು ಇರುತ್ತಿತ್ತು. ನಾನು ಕಿಟಕಿಗೆ ಬಂದರೆ ಮಾತ್ರ ಮುಖ ತಿರುಗಿಸುತ್ತಿದ್ದಳು.

ಹುಡುಗನಿಗೆ ಒಂದು ಕೆಮ್ಮೂ ಬರಲಿಲ್ಲ. ನನಗೆ ಜ್ವರ ಏರಿತು. ಆಸ್ಪತ್ರೆಗೆ ಕಳಿಸುವಷ್ಟಲ್ಲದಿದ್ದರೂ ಆಕ್ಸಿಜನ್ ಸ್ವಲ್ಪ ಕಡಿಮೆಯಾಗಿದೆ ಎಂದು ಬೆರಳಿಗೆ ಸಿಕ್ಕಿಸುವ ಯಂತ್ರ ತೋರಿಸಿತು. ಡಾಕ್ಟರು ಬಾಗಿಲಲ್ಲೇ ನಿಂತು, ಹೊಟ್ಟೆಯ ಮೇಲೆ ಮಲಗಿ, ಆದಷ್ಟು ಹೊತ್ತು ಹಾಗೇ ಇರಿ ಎಂದು ಹೇಳಿ ಹೋದರು. ನನ್ನ ಹೊಟ್ಟೆ ಅದಕ್ಕೆ ತಕ್ಕದ್ದಲ್ಲ. ಮಲಗಿದ ಕೂಡಲೇ ಕುತ್ತಿಗೆ ನೋಯುತ್ತಿತ್ತು, ಹೊರಳಿ ಬೆನ್ನಿನ ಮೇಲಾಗುತ್ತಿದ್ದೆ. ಎದುರಿನ ಮಂಚದಿಂದ ಅದನ್ನು ನೋಡುತ್ತಿದ್ದ ಮಾಳಿಂಗರಾಯ ಎದ್ದು ಬಂದ. ನನ್ನ ಹೆಗಲು ಮತ್ತು ಸೊಂಟಕ್ಕೆ ಕೈ ಹಾಕಿ ಒಂದೇ ಸಲಕ್ಕೆ ಬೋರಲು ತಿರುಗಿಸಿದ. ತನ್ನ ಕಂಬಳಿಯನ್ನು ಮಡಚಿ ಎದೆಯ ಕೆಳಗೆ ಸರಿಸಿದ.

“ಚಿತ್ ಆಗಬ್ಯಾಡ್ರಿ ಸರ್,” ಎಂದ. ಆಮೇಲೆ ಕಂಬಳಿಯ ಅಂಚು ಸರಿಮಾಡುತ್ತ ನನ್ನ ಬೆನ್ನಿಗೆ ಹೇಳಿದ: “ಮೈ ನೋಯಾಕತ್ತೈತಿ ಅಂತ ಅವತ್ತ ಹೇಳಬೇಕಿತ್ತಲ್ರಿ. ನಾ ಮನಿಗಿ ಹೋಗಿ ಅವ್ವನ ಕೈಲೆ ಎಣ್ಣಿ ಹಚ್ಚಿಸಿಕೊಂಡೆ.”

ಅವನ ಸಿಟ್ಟು ಏನೆಂದು ಆಗ ತಿಳಿಯಿತು. ತನಗೆ ಬಂದದ್ದಕ್ಕಲ್ಲ. ಸತ್ಯವ್ವನಿಗೆ ಸಕ್ಕರೆ ಕಾಯಿಲೆ. ಆಕೆಯ ಪರೀಕ್ಷೆಯ ಫಲಿತಾಂಶ ಅಂದಿನವರೆಗೂ ಬಂದಿರಲಿಲ್ಲ. ಹುಡುಗ ಅಷ್ಟು ದಿನ ಅದನ್ನೇ ಕಾಯುತ್ತ ಕುಳಿತಿದ್ದ, ನಾನು ಚಿಲಕದ ಚಿಂತೆಯಲ್ಲಿದ್ದೆ. ದಿಂಬಿನಲ್ಲಿ ಮುಖವಿಟ್ಟುಕೊಂಡೇ, ತಪ್ಪಾಯಿತು ಮಾಳಿಂಗ, ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಯಾವತ್ತೂ ಮಾತಾಡಿರಲಿಲ್ಲ. ನಾನು ಮತ್ತೆ ಹೊರಳಲು ಹೋದಾಗ ಅವನು ಹೆಗಲ ಮೇಲೆ ಕೈ ಒತ್ತಿದ.

ಮರುದಿನ ಮಧ್ಯಾಹ್ನ ಸತ್ಯವ್ವನದು ನೆಗೆಟಿವ್ ಎಂದು ಗೊತ್ತಾಯಿತು. ಆಸ್ಪತ್ರೆಯವರಿಗೆ ಮುಂಜಾನೆಯಿಂದ ಫೋನು ಮಾಡಿ ಮಾಡಿ ತರಿಸಿದ್ದು ನಾನೇ. ನಿರೀಕ್ಷಕನಾಗಿ ಆ ವರ್ಷ ಮಾಡಿದ ಒಂದು ನೇರ ಕೆಲಸ. ಮಾಳಿಂಗರಾಯ ಗೋಡೆಯ ಕಡೆ ತಿರುಗಿ ಕಣ್ಣೊರಸಿಕೊಂಡ, ಆಮೇಲೆ ಎರಡೂ ಪಾಲಿನ ರೊಟ್ಟಿಯನ್ನು ತಾನೇ ತಿಂದ. ನಾನು ಬೇಡವೆಂದಿದ್ದೆ ಎಂದಲ್ಲ. ಅವನಿಗೆ ನನ್ನ ನೆನಪೇ ಆಗಿರಲಿಲ್ಲ.

ಗುಣವಾಗಿ ಕಚೇರಿಗೆ ಹೋದ ದಿನ ಪೌರಾಯುಕ್ತರು ಎದ್ದು ನಿಂತು ಸ್ವಾಗತಿಸಿದರು. ಅಷ್ಟು ಜನರ ಗರಡಿಯಲ್ಲಿ ಒಂದೇ ಒಂದು ಜೋಡಿಗೆ ಸೋಂಕು ತಗಲಿ ಅಲ್ಲೇ ನಿಂತದ್ದು ನಮ್ಮ ನಿಯಮದ ದೊಡ್ಡ ಯಶಸ್ಸು ಎಂದು ಅವರ ಅಭಿಪ್ರಾಯ. ಅದನ್ನು ಬರೆದು ಜಿಲ್ಲೆಗೆ ಕಳಿಸಿ ಎಂದರು. ಬರೆದೆ. 'ಸೋಂಕಿತನೊಬ್ಬ ನಿಯಮ ಮೀರಿ ಗರಡಿ ಪ್ರವೇಶಿಸಿದಾಗ್ಯೂ' ಎಂಬ ಸಾಲು ಬರೆಯುವಾಗ ಪೆನ್ನು ಒಂದಿಷ್ಟು ತಡವರಿಸಿತು. ಆ ಸೋಂಕಿತ ಯಾರೆಂದು ಮೇಲಿನವರು ಕೇಳಲಿಲ್ಲ. ಕೊರೊನಾ ಯೋಧ ಎಂದು ನನಗೆ ಶಾಲು ಹೊದಿಸಿ ಮಾತಾಡಲು ಮೈಕು ಕೊಟ್ಟಾಗ, ರೋಗ ತಂದವನು ನಾನೇ ಎಂದು ನೇರವಾಗಿ ಹೇಳಿದೆ. ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಯಶೋಧರಾ ಮಾತ್ರ ತಟ್ಟಲಿಲ್ಲ.

ಡಾಕ್ಟರು ಒಪ್ಪಿದ ಮೇಲೆ ಮತ್ತೆ ಗರಡಿಗೆ ಹೋದೆ. ಮಾಳಿಂಗರಾಯ ಬೇರೆ ಜೋಡಿ ಕೇಳಿರಲಿಲ್ಲ. ಆದರೆ ನನ್ನ ಎದೆಯ ಚಿಂತೆ ಅವನಿಗೆ ಹತ್ತಿಕೊಂಡಿತ್ತು. ಎತ್ತುವುದು ಎತ್ತುತ್ತಿದ್ದ, ಕೆಳಗೆ ಬಿಡುವಾಗ ತೊಟ್ಟಿಲಲ್ಲಿ ಕೂಸನ್ನು ಮಲಗಿಸುವ ಹಾಗೆ ಮಲಗಿಸುತ್ತಿದ್ದ. ವಸ್ತಾದರು ಕಿಟಕಿಯಿಂದ ಶಾಬಾಸ್ ಎನ್ನುತ್ತಿದ್ದರು. ನಾನೂ ಕುಸ್ತಿಯಲ್ಲಿ ಮುಂದುವರಿದಿದ್ದೇನೆ, ಅದಕ್ಕೇ ಪೆಟ್ಟಾಗುತ್ತಿಲ್ಲ ಎಂದು ಭಾವಿಸಿಕೊಂಡೆ.

ಚಳಿಗಾಲದಲ್ಲಿ ಗಲಗಲಿಯಲ್ಲಿ ನದಿ ದಂಡೆಯ ಹೊಲದೊಳಗೆ ಸಣ್ಣ ಪ್ರಮಾಣದಲ್ಲಿ ಕುಸ್ತಿ ಇಟ್ಟರು, ಜನರಿಗೆ ಮಿತಿ ಹಾಕಿ. ಮಾಳಿಂಗರಾಯನ ಎದುರು ಸಾವಳಗಿಯ ಒಬ್ಬ ಪೈಲ್ವಾನ. ವಸ್ತಾದರ ಜೊತೆ ನಾನೂ ಹೋದೆ, ನನ್ನ ಜೋಡಿಯ ಕುಸ್ತಿ ಎಂಬ ಹೆಮ್ಮೆಯಿಂದ. ಹಿಡಿತಕ್ಕೆ ಬಿದ್ದ ಸ್ವಲ್ಪ ಹೊತ್ತಿಗೇ ನಮ್ಮ ಹುಡುಗ ಸಾವಳಗಿಯವನನ್ನು ಸೊಂಟದ ಮೇಲೆ ಎತ್ತಿದ. ಜನ ಎದ್ದು ನಿಂತರು. ಒಗೆದಿದ್ದರೆ ಮುಗಿಯುತ್ತಿತ್ತು. ಅವನು ಒಗೆಯಲಿಲ್ಲ. ಮೆಲ್ಲಗೆ ಇಳಿಸುತ್ತ, ನೆಲಕ್ಕೆ ಬಡಿಯದಿರಲೆಂದು ಎದುರಾಳಿಯ ತಲೆಯ ಕೆಳಗೆ ಅಂಗೈ ಇಟ್ಟ. ಸಾವಳಗಿಯವನು ಒಂದು ಗಳಿಗೆ ಇದೇನೆಂದು ತಿಳಿಯದೆ ಅವನ ಮುಖ ನೋಡಿದ. ಆಮೇಲೆ ಹೊರಳಿ, ನಮ್ಮವನನ್ನು ಬೆನ್ನಿನ ಮೇಲೆ ಕೆಡವಿ ಎದೆಯ ಮೇಲೆ ಕುಳಿತ.

ವಸ್ತಾದರು ಹುಡುಗನಿಗೆ ಏನೂ ಅನ್ನಲಿಲ್ಲ. ಅಖಾಡದ ಹೊರಗೆ ಜಾಲಿ ಮರದ ಕೆಳಗೆ ನನ್ನನ್ನು ಕರೆದುಕೊಂಡು ಹೋಗಿ, ಹುಲಿಯಂಥ ಹುಡುಗನನ್ನು ಸೂಲಗಿತ್ತಿ ಮಾಡಿಟ್ಟಿರಿ ಎಂದರು. ನಾನು ಒಪ್ಪಿಕೊಂಡೆ. ಆದರೆ ಇಷ್ಟು ದಿನ ಕಿಟಕಿಯಿಂದ ನೋಡುತ್ತಿದ್ದವರು ನೀವು, ನಿಮಗಾದರೂ ಗೊತ್ತಾಗಬಾರದಿತ್ತೇ ಎಂದು ಕೇಳಿದೆ. ಅವರು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು.

“ನನಗೇನ ಕಾಣತೈತ್ರಿ ಸಾಹೇಬ್ರ. ಎರಡೂ ಕಣ್ಣಾಗ ಪೊರಿ ಬಂದಾವ. ಒಳಗ ನಿಂತ್ರ ಕೈಲೆ ಮುಟ್ಟಿ ಹೇಳತಿದ್ದೆ. ಹೊರಗ ಕುಂದ್ರಿಸಿದ್ರಿ, ಸುಮ್ಮ ಒದರತಿದ್ದೆ.”

ಸೋಮವಾರ ಆ ನಿಯಮ ತಿದ್ದುತ್ತೇನೆ, ನೀವು ಒಳಗೆ ಬನ್ನಿ, ಮಾಸ್ಕ್ ಒಂದು ಹಾಕಿಕೊಳ್ಳಿ ಎಂದೆ. ಕಣ್ಣಿನ ಆಪರೇಷನ್ನಿಗೂ ಏರ್ಪಾಟು ಮಾಡುತ್ತೇನೆ ಎಂದೆ. ಮೊದಲು ಹುಡುಗ ಎಲ್ಲಿದ್ದಾನೆ ನೋಡ್ರಿ ಎಂದರು ಅವರು.

ಹುಡುಗ ಅಲ್ಲೇ ಹತ್ತಿರದ ಹೊಲದಲ್ಲಿದ್ದ. ಅವರ ಕುರಿಗಳನ್ನು ಆ ಸುಗ್ಗಿಗೆ ಗೊಬ್ಬರಕ್ಕೆಂದು ಗಲಗಲಿಯ ಹೊಲಗಳಲ್ಲೇ ತರುಬಿದ್ದರು, ಸತ್ಯವ್ವ ಅಲ್ಲೇ ಬಿಡಾರ ಹೂಡಿದ್ದಳು. ನಾವು ಹೋದಾಗ ಆಕೆ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಾಳಿಂಗರಾಯ ಮೈಮೇಲಿನ ಮಣ್ಣನ್ನೂ ತೊಳೆಯದೆ ಒಂದು ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಸೋತವನ ಹಾಗೆ ಕಾಣುತ್ತಿರಲಿಲ್ಲ. ನಾನು ದೂರವೇ ನಿಂತೆ. ಆರೈಕೆ ಕೇಂದ್ರದ ಗೇಟಿನ ನಂತರ ಸತ್ಯವ್ವ ನನ್ನ ಜೊತೆ ಮಾತಾಡಿರಲಿಲ್ಲ. ಈಗ ಮಗನ ಕುಸ್ತಿಯನ್ನೂ ಕೆಡಿಸಿ ಬಂದಿದ್ದೆ. ಹೋಗಿಬಿಡೋಣ ಎಂದು ವಸ್ತಾದರಿಗೆ ಹೇಳುವುದರಲ್ಲಿದ್ದೆ.

ಸತ್ಯವ್ವ ತಲೆ ಎತ್ತದೆಯೇ ಒಂದು ತಾಟಿನಲ್ಲಿ ಬಿಸಿ ರೊಟ್ಟಿ, ಕಾರಬ್ಯಾಳಿ, ಉಳ್ಳಾಗಡ್ಡಿ ಹಾಕಿ ಕಂಬಳಿಯ ಮೇಲೆ ಇಟ್ಟಳು. ಇನ್ನೊಂದು ತಾಟು ಹಾಕಿ ಅದರ ಪಕ್ಕಕ್ಕೇ ಇಟ್ಟಳು, ಎರಡರ ನಡುವೆ ಗೇಣಷ್ಟೂ ಜಾಗವಿರಲಿಲ್ಲ. ವಸ್ತಾದರು ಕುಳಿತರು. ನಾನು ಇನ್ನೂ ನಿಂತೇ ಇದ್ದೆ.

“ರೊಟ್ಟಿ ಆರತಾವ,” ಎಂದಳು. “ಕುಂದ್ರು ಯಪ್ಪಾ.”

ಕುಳಿತು ಉಂಡೆ. ರೊಟ್ಟಿಯ ಹೊಗೆವಾಸನೆ, ಕುರಿಗಳ ವಾಸನೆ, ಉಳ್ಳಾಗಡ್ಡಿಯ ಘಾಟು ಎಲ್ಲವೂ ಮೂಗಿಗೆ ಬಂದವು. ಮೂರನೆಯ ರೊಟ್ಟಿ ಹಾಕಲು ಬಂದಾಗ ಬೇಡವೆಂದು ಕೈ ಅಡ್ಡ ಹಿಡಿದೆ. ಸತ್ಯವ್ವ ನನ್ನ ಕೈ ಸರಿಸಿ ಹಾಕಿದಳು.